ನಲವತ್ತು ರೂಪಾಯಿಯ ಚಾಲ್

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ದೀಪಾವಳಿ ರಾತ್ರಿ ಮೂರೆಲೆಯ ಇಸ್ಪೀಟಾಟ ತೀನ್ ಪತ್ತಿ ಕೂರುತ್ತದೆ. ಎಲ್ಲರೂ ಮೊದಲೇ ಇಡುವ ಬೂಟ್ 5 ರೂಪಾಯಿ, ಒಂದು ಸಲಕ್ಕೆ ಕಟ್ಟುವ ಚಾಲ್ 40 ದಾಟುವಂತಿಲ್ಲ. ಲೆಕ್ಕ ಬರೆಯುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಆಟದ ಸೋಲು ಗೆಲುವನ್ನೂ ಡೈರಿಯ ಕೊನೇ ಪುಟದಲ್ಲಿ ಗೀಚಿಡುತ್ತಿದ್ದೆ. ಒಂಬತ್ತು ದೀಪಾವಳಿ ಸೇರಿ 640 ರೂಪಾಯಿ ಲಾಭ. ಅಷ್ಟಕ್ಕೇ ಪಳಗಿದ ಆಟಗಾರನಾದೆ ಅಂದುಕೊಂಡೆ.

ಅದೇ ಧೈರ್ಯದಲ್ಲಿ ಒಂದು ವರ್ಷ ಅಂಧೇರಿಯಲ್ಲಿ ಸಹೋದ್ಯೋಗಿಯ ಮನೆಗೆ ಹೋದೆ. ಅಲ್ಲಿ ಬೂಟ್ ಬರೀ 20. ಮಿತಿ ಮಾತ್ರ ಇರಲಿಲ್ಲ.

ನನಗೆ ರಾಣಿ ಜೋಡಿ ಬಂತು. 52 ಎಲೆಗಳಿಂದ ಮೂರನ್ನು 22,100 ಬಗೆಯಲ್ಲಿ ಎತ್ತಬಹುದು. ಅದರಲ್ಲಿ 16,440 ಸಲ ಜೋಡಿಯೂ ಇರುವುದಿಲ್ಲ. ಅಂದರೆ ನನ್ನ ಕೈ ಗಟ್ಟಿ. ನಡುವೆ 400 ರೂಪಾಯಿ ಬಿದ್ದಿತ್ತು, ಉಳಿದವರು ಇಬ್ಬರೇ. ಎದುರಿನವನು ಸದ್ದಿಲ್ಲದೆ 2,000 ಇಟ್ಟ.

ಡೊಂಬಿವಲಿಯಲ್ಲಾಗಿದ್ದರೆ ಅವನು 40 ಇಡುತ್ತಿದ್ದ, ನಾನೂ 40 ಕೊಟ್ಟು ಶೋ, ಅಂದರೆ ಎಲೆ ತೋರಿಸು ಅಂತ, ಕೇಳುತ್ತಿದ್ದೆ. ಹನ್ನೆರಡಕ್ಕೆ ಒಂದು ಸಲ ಗೆದ್ದರೂ ಅಸಲು ಬರುತ್ತಿತ್ತು. ಇಲ್ಲಿ ಹನ್ನೊಂದರಲ್ಲಿ ಐದು ಸಲ ಗೆಲ್ಲಬೇಕು. ಬೆವರಿದೆ, ಎಲೆ ಕೆಳಗಿಟ್ಟು ಪ್ಯಾಕ್ ಮಾಡಿದೆ. ಅವನು ನಗುತ್ತಾ ಎಲೆ ಮಗುಚಿದ: ಒಂಬತ್ತು, ಏಳು, ನಾಲ್ಕು, ಬಣ್ಣವೂ ಕೂಡಿರಲಿಲ್ಲ. ಮುಂದಿನ ಸಲ ಹಟಕ್ಕೆ ಬಿದ್ದು ಶೋ ಕೇಳಿದರೆ ಅವನ ಕೈಯಲ್ಲಿ ನಿಜವಾಗಿಯೂ ಕಲರ್, ಮೂರೂ ಒಂದೇ ಜಾತಿಯ ಎಲೆ! ಏಳುವಾಗ 11,500 ಹೋಗಿತ್ತು. ಮೂರು ತಿಂಗಳ ಸೊಸೈಟಿ ಮೇಂಟೆನೆನ್ಸಿಗೆಂದು ಎತ್ತಿಟ್ಟ ದುಡ್ಡು.

ಮಿತಿಯ ಆಟ ಸುಲಭ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ಯಾರನ್ನೂ ಹೆದರಿಸಿ ಓಡಿಸಲಾಗದು, ಎಲ್ಲರೂ 40 ಕೊಟ್ಟು ನೋಡಿಯೇ ಬಿಡುತ್ತಾರೆ. ಕೆಟ್ಟ ಎಲೆ ಬಂದಾಗಲೆಲ್ಲ ಬೇಸರವಿಲ್ಲದೆ ಪ್ಯಾಕ್ ಮಾಡುವವರಷ್ಟೇ ನಿಧಾನಕ್ಕೆ ಮುಂದೆ ಬರುತ್ತಾರೆ. ಆ ಜಾಣತನ ಕಾಣಲು ನೂರಾರು ಕೈ ಬೇಕು. ನನ್ನ ಒಂಬತ್ತು ರಾತ್ರಿಯ ಲಾಭ ಬಹುಶಃ ಬರೀ ಅದೃಷ್ಟ. ಮಿತಿಯಿಲ್ಲದ ಕಡೆ ಓದಬೇಕಾದ್ದು ಎದುರಿನವನ ಹೆದರಿಕೆಯನ್ನು. ನನ್ನದನ್ನು ಅವನು ಓದಿದ್ದ. ಕಂಪ್ಯೂಟರುಗಳಿಗೂ ಇದೇ ಗತಿ: ಇಬ್ಬರು ಆಡುವ ಮಿತಿಯ ಪೋಕರನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಹೆಚ್ಚುಕಡಿಮೆ ಪೂರ್ತಿ ಬಿಡಿಸಿದರು. ಮಿತಿಯಿಲ್ಲದ್ದರಲ್ಲಿ ಲಿಬ್ರಾಟಸ್ ಎಂಬ ಪ್ರೋಗ್ರಾಂ 2017ರಲ್ಲಿ ವೃತ್ತಿಪರರನ್ನು ಸೋಲಿಸಿತು, ಆದರೆ ಆ ಆಟ ಪೂರ್ತಿ ಬಿಡಿಸಿಕೊಂಡಿಲ್ಲ.

ಸಹೋದ್ಯೋಗಿಗಳು ನಾಲ್ಕು ಷೇರಿನಲ್ಲಿ ಲಾಭ ಕಂಡು ಫ್ಯೂಚರ್ಸ್ ಅಂಡ್ ಆಪ್ಷನ್ಸ್‌ಗೆ, ಅಂದರೆ ಎಫ್ ಅಂಡ್ ಓಗೆ ಇಳಿಯುವಾಗ ನನಗೆ ಆ 640 ನೆನಪಾಗುತ್ತದೆ. ಅದರಲ್ಲಿ ಮೂರು ವರ್ಷಗಳ ಲೆಕ್ಕ ತೆಗೆದಾಗ 93% ಜನ ನಷ್ಟದಲ್ಲಿದ್ದರೆಂದು 2024ರಲ್ಲಿ ಷೇರುಪೇಟೆ ನಿಯಂತ್ರಕ ಸೆಬಿಯೇ ಹೇಳಿದೆ.

ನಮ್ಮ ಬಿಲ್ಡಿಂಗಿನ ನಿಜವಾದ ಆಟಗಾರ್ತಿ ಎರಡನೇ ಮಹಡಿಯ ನಿವೃತ್ತ ಕ್ಯಾಷಿಯರ್ ಅಕ್ಕ. ಹತ್ತರಲ್ಲಿ ಏಳು ಸಲ ಪ್ಯಾಕ್ ಮಾಡಿ ಚಕ್ಕುಲಿ ಮುರಿಯುತ್ತಾ ಕೂರುತ್ತಾರೆ. ಅಂಧೇರಿಗೆ ಬರ್ತೀರಾ ಅಂತ ಒಮ್ಮೆ ಕೇಳಿದ್ದೆ. "ಕೊನೇ ಫಾಸ್ಟ್ ಲೋಕಲ್ ಎಷ್ಟಕ್ಕೆ?" ಅಂದರು. ಹೋದ ವರ್ಷ ನಾನು ಸೋತ 85ರಲ್ಲಿ 60 ಅವರ ಡಬ್ಬಿಗೇ ಹೋಯಿತು.