ಕರೆಂಟು ಹೋದರೂ ಕೈಕೊಡದ ಜಾಣಮನೆ

ಚೆನ್ನೈಯ ಮನೆಗೆ ಸ್ಮಾರ್ಟ್ ಹೋಮ್ ಆಟೊಮೇಷನ್: ಎಲ್ಲಿ ಶುರು ಮಾಡಬೇಕು, ಹೇಗೆ ನಡೆಸಬೇಕು

ಸ್ಮಾರ್ಟ್ ಹೋಮ್ ಎಂದೊಡನೆ ಜಾಹೀರಾತುಗಳಲ್ಲಿ ಕಾಣುವುದು ಬಣ್ಣ ಬದಲಿಸುವ ಬಲ್ಬು, ಕೂಗಿದರೆ ಸರಿಯುವ ಪರದೆ. ಚೆನ್ನೈಯಲ್ಲಿ ಸಂಸಾರ ನಡೆಸುವವರ ಚಿಂತೆಗಳೇ ಬೇರೆ. ಸಂಪಿನಲ್ಲಿ ನೀರಿದೆಯೋ ಇಲ್ಲವೋ, ಮೋಟಾರ್ ನಿಲ್ಲಿಸಲು ಮರೆತು ಟ್ಯಾಂಕ್ ತುಂಬಿ ಹರಿಯುತ್ತಿದೆಯೋ, ಮೂರು ಫೇಸಿನಲ್ಲಿ ಒಂದು ಹೋಗಿದೆಯೋ ಎಂಬ ಚಿಂತೆ. ಮಕ್ಕಳು ಬೆಂಗಳೂರಿಗೋ ವಿದೇಶಕ್ಕೋ ಹೋದ ಮೇಲೆ ಇಬ್ಬರೇ ಉಳಿದ ಹಿರಿಯರು ರಾತ್ರಿ ಬಚ್ಚಲಿಗೆ ಎದ್ದರೆ ಎಡವದಿರಲಿ ಎಂಬ ಕಾಳಜಿ. ಆಟೊಮೇಷನ್ ಮೊದಲು ಪರಿಹರಿಸಬೇಕಾದದ್ದು ಇವನ್ನೇ.

ಏನನ್ನು ಕೊಳ್ಳುವ ಮೊದಲೂ ಮೂರು ಷರತ್ತು ಹಾಕಿಕೊಳ್ಳಿ. ಇಂಟರ್ನೆಟ್ ನಿಂತರೂ ಮನೆ ನಡೆಯಬೇಕು. ಕರೆಂಟು ಹೋಗಿ ಬಂದಾಗ ಪ್ರತಿ ಉಪಕರಣವೂ ಅಪಾಯವಿಲ್ಲದ ಸ್ಥಿತಿಗೆ ಬರಬೇಕು. ಗೋಡೆಯ ಸ್ವಿಚ್ಚು ಎಂದಿನಂತೆ ಕೈಗೆ ಸಿಗಬೇಕು. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಅಪ್ಪಳಿಸಿದಾಗ, 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಮಳೆ ಸುರಿದಾಗ, ಈ ಊರಿನ ಎಷ್ಟೋ ಬಡಾವಣೆಗಳಲ್ಲಿ ಕರೆಂಟೂ ಮೊಬೈಲ್ ಸಿಗ್ನಲ್ಲೂ ಒಟ್ಟಿಗೇ ಹೋಗಿದ್ದವು. ದೂರದ ಸರ್ವರ್ ಅಪ್ಪಣೆ ಕೊಟ್ಟರಷ್ಟೇ ದೀಪ ಹತ್ತುವ ವ್ಯವಸ್ಥೆ ಅಂಥ ದಿನಗಳಲ್ಲಿ ಉಪಯೋಗಕ್ಕೆ ಬಾರದು.

ಹಂತ 1: ಮನೆಯ ಪಟ್ಟಿ ಬರೆಯಿರಿ

ಒಂದು ವಾರ ಮನೆಯವರೆಲ್ಲರ ಓಡಾಟ ಗಮನಿಸಿ. ಯಾವ ಸ್ವಿಚ್ಚಿಗಾಗಿ ಪದೇ ಪದೇ ಏಳಬೇಕಾಗುತ್ತದೆ, ಯಾವುದನ್ನು ಆರಿಸಲು ಮರೆಯುತ್ತೇವೆ, ಯಾವುದರಿಂದ ನೀರೋ ದುಡ್ಡೋ ಪೋಲಾಗುತ್ತದೆ ಎಂದು ಬರೆದಿಡಿ. ಹೆಚ್ಚಿನ ಮನೆಗಳಲ್ಲಿ ಮೊದಲ ಐದು ಹೆಸರು ಇವೇ ಇರುತ್ತವೆ: ಮೋಟಾರ್, ಗೀಸರ್, ಎಸಿ, ರಾತ್ರಿಯ ದಾರಿದೀಪ, ಗೇಟಿನ ಲೈಟು. ಪಟ್ಟಿಯಲ್ಲಿ ಇಲ್ಲದ್ದನ್ನು ಕೊಳ್ಳಬೇಡಿ.

ಅಪಾರ್ಟ್‌ಮೆಂಟಿನಲ್ಲಿದ್ದರೆ ಸಂಪು, ಮೋಟಾರ್ ಸಂಘಕ್ಕೆ ಸೇರಿದ್ದು. ಅದನ್ನು ಸಭೆಯಲ್ಲಿಟ್ಟು ಒಪ್ಪಿಗೆ ಪಡೆದು ಮಾಡಿ. ಬಾಡಿಗೆ ಮನೆಯಾದರೆ ಗೋಡೆ ಬಿಚ್ಚದೆ, ಪ್ಲಗ್ಗಿಗೆ ಹಾಕುವ ಮತ್ತು ಬ್ಯಾಟರಿಯಿಂದ ನಡೆಯುವ ಉಪಕರಣಗಳಲ್ಲೇ ಮುಗಿಸಿ. ಮನೆ ಬದಲಿಸುವಾಗ ಜೊತೆಗೆ ಒಯ್ಯಬಹುದು.

ಹಂತ 2: ವೈರಿಂಗ್ ಪರೀಕ್ಷೆ

ಅನುಭವವಿರುವ, ಲೈಸೆನ್ಸ್ ಪಡೆದ ಎಲೆಕ್ಟ್ರಿಷಿಯನ್ ಕರೆಸಿ ನಾಲ್ಕು ಸಂಗತಿ ನೋಡಿಸಿ.

• ಅರ್ತಿಂಗ್ ಸರಿಯಿದೆಯೇ? ಬೆಸೆಂಟ್ ನಗರ, ತಿರುವಾನ್ಮಿಯೂರಿನಂಥ ಕಡಲ ಬದಿಯ ಬಡಾವಣೆಗಳಲ್ಲಿ ಉಪ್ಪುಗಾಳಿಗೆ ಲೋಹದ ಜೋಡಣೆಗಳು ಬೇಗ ತುಕ್ಕು ಹಿಡಿಯುತ್ತವೆ.

• 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯೇ? ಎಂಸಿಬಿ ತಂತಿಯನ್ನು ಕಾಯುತ್ತದೆ, ಶಾಕ್‌ನಿಂದ ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ. ಅದರ ಟೆಸ್ಟ್ ಗುಂಡಿ ಒತ್ತಿದರೆ ತಕ್ಷಣ ಕರೆಂಟು ಕಡಿಯಬೇಕು.

• ಸ್ವಿಚ್ ಬೋರ್ಡಿನಲ್ಲಿ ನ್ಯೂಟ್ರಲ್ ತಂತಿ ಇದೆಯೇ? ಸ್ವಿಚ್ಚಿನ ಹಿಂದೆ ಕೂರುವ ರಿಲೇ ಮಾಡ್ಯೂಲುಗಳಿಗೆ ಸಾಮಾನ್ಯವಾಗಿ ಅದು ಬೇಕು. ಅದೇ ಬೋರ್ಡಿನಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ನ್ಯೂಟ್ರಲ್ ಅಲ್ಲಿಗೆ ಬಂದೇ ಇರುತ್ತದೆ.

• ಯಾವ ಬೋರ್ಡು ಇನ್ವರ್ಟರ್ ಲೈನಿನಲ್ಲಿದೆ, ಯಾವುದು ನೇರ ಇಬಿ (ವಿದ್ಯುತ್ ಮಂಡಳಿ) ಲೈನಿನಲ್ಲಿದೆ? ಒಂದರ ಫೇಸಿಗೆ ಇನ್ನೊಂದರ ನ್ಯೂಟ್ರಲ್ ಜೋಡಿಸಿದರೆ ಆರ್‌ಸಿಸಿಬಿ ಕಾರಣ ತಿಳಿಯದಂತೆ ಪದೇ ಪದೇ ಟ್ರಿಪ್ ಆಗುತ್ತದೆ.

ಹಂತ 3: ನೆಟ್‌ವರ್ಕ್ ಮತ್ತು ಹಬ್

ಅಗ್ಗದ ವೈಫೈ ಉಪಕರಣಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಷ್ಟೇ ಕೆಲಸ ಮಾಡುತ್ತವೆ. ಹಾಗಾಗಿ ರೂಟರಿನಲ್ಲಿ ಆ ಬ್ಯಾಂಡಿಗೆ ಬೇರೆ ಹೆಸರು ಕೊಟ್ಟರೆ ಜೋಡಣೆ ಸಲೀಸು. ಬ್ಯಾಟರಿ ಸೆನ್ಸರುಗಳಿಗೆ ಜಿಗ್‌ಬೀ ಎಂಬ ವೈರ್‌ಲೆಸ್ ಪದ್ಧತಿ ಒಳ್ಳೆಯದು; ಕಡಿಮೆ ಶಕ್ತಿ ಸಾಕು, ಕರೆಂಟಿನಿಂದ ನಡೆಯುವ ಪ್ರತಿ ಜಿಗ್‌ಬೀ ಉಪಕರಣವೂ ಸಾಮಾನ್ಯವಾಗಿ ಸಂದೇಶವನ್ನು ಮುಂದಕ್ಕೆ ದಾಟಿಸುತ್ತದೆ. ಜಿಗ್‌ಬೀ ಕೂಡ ಅದೇ 2.4 ಗಿಗಾಹರ್ಟ್ಸ್‌ನಲ್ಲಿರುವುದರಿಂದ ವೈಫೈಯನ್ನು 1 ಅಥವಾ 6ನೇ ಚಾನೆಲ್ಲಿಗೂ ಜಿಗ್‌ಬೀಯನ್ನು 25ಕ್ಕೂ ಇಟ್ಟರೆ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಹೊಸದಾಗಿ ಕೊಳ್ಳುವವರು ಮ್ಯಾಟರ್ ಗುರುತು ಇದೆಯೇ ನೋಡಿ. 2022ರಲ್ಲಿ ಬಂದ ಈ ಮಾನದಂಡದಿಂದ ಬೇರೆ ಬೇರೆ ಕಂಪನಿಗಳ ಉಪಕರಣಗಳು ಮನೆಯೊಳಗೇ ನೇರವಾಗಿ ಮಾತಾಡಿಕೊಳ್ಳುತ್ತವೆ.

ಉಪಕರಣಗಳನ್ನೆಲ್ಲ ನಡೆಸುವ ಕೇಂದ್ರ, ಅಂದರೆ ಹಬ್, ಮನೆಯಲ್ಲೇ ಇರಲಿ. 2013ರಲ್ಲಿ ಶುರುವಾದ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ನಡೆಯುತ್ತದೆ, ನಿಯಮಗಳನ್ನೆಲ್ಲ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅಣ್ಣಾ ಸಾಲೈ ಬದಿಯ ರಿಚ್ಚಿ ಸ್ಟ್ರೀಟಿನಲ್ಲಿ ಬೋರ್ಡು, ಸೆನ್ಸರು, ರಿಲೇ, ಪೆಟ್ಟಿಗೆ ಎಲ್ಲವನ್ನೂ ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು. ಮೆಮೊರಿ ಕಾರ್ಡ್ ಸತತ ಬರವಣಿಗೆಗೆ ಸವೆಯುತ್ತದೆ, ಆದ್ದರಿಂದ ಪುಟ್ಟ ಎಸ್‌ಎಸ್‌ಡಿ ಹಾಕಿಸಿ. ವಾರಕ್ಕೊಮ್ಮೆ ಬ್ಯಾಕಪ್ ಬೇರೆ ಕಡೆ ಉಳಿಯುವಂತೆ ಮಾಡಿ.

ಹಬ್ ಮನೆಯಲ್ಲೇ ಇರಲಿ ಎನ್ನಲು ಇನ್ನೊಂದು ಕಾರಣವಿದೆ. 2022ರ ಏಪ್ರಿಲ್‌ನಲ್ಲಿ ಸ್ಮಾರ್ಟ್ ಹೋಮ್ ಉಪಕರಣ ಮಾರುತ್ತಿದ್ದ ಅಮೆರಿಕದ ಇನ್‌ಸ್ಟಿಯಾನ್ ಕಂಪನಿ ಮುನ್ಸೂಚನೆಯಿಲ್ಲದೆ ಸರ್ವರ್ ಮುಚ್ಚಿತು. ದುಡ್ಡು ಕೊಟ್ಟು ಕೊಂಡವರ ಆ್ಯಪುಗಳು ಒಂದೇ ಸಲಕ್ಕೆ ನಿಂತವು. ಅವರಲ್ಲಿ ಹಲವರು ಅದೇ ಹಾರ್ಡ್‌ವೇರನ್ನು ಹೋಮ್ ಅಸಿಸ್ಟೆಂಟಿಗೆ ಜೋಡಿಸಿ ಮನೆ ನಡೆಸಿಕೊಂಡರು.

ಹಬ್, ರೂಟರ್ ಮತ್ತು ಫೈಬರ್ ಪೆಟ್ಟಿಗೆ ಮೂರನ್ನೂ ಇನ್ವರ್ಟರ್ ಲೈನಿಗೆ ಹಾಕಿ. ಎಲ್ಲ ಸೇರಿ ಒಂದು ಸಣ್ಣ ಬಲ್ಬಿನಷ್ಟೇ ಕರೆಂಟು ಎಳೆಯುತ್ತವೆ. ಕೆಳಮನೆಯವರು ಇವನ್ನೂ ಇನ್ವರ್ಟರನ್ನೂ ನೆಲದಿಂದ ಎತ್ತರದಲ್ಲಿಡಿ. 2015ರ ಡಿಸೆಂಬರ್ ಪ್ರವಾಹ ಕಂಡವರಿಗೆ ಕಾರಣ ವಿವರಿಸಬೇಕಿಲ್ಲ.

ಹಂತ 4: ಮೊದಲ ಕೆಲಸ ಮೋಟಾರ್

2019ರ ಬೇಸಿಗೆಯಲ್ಲಿ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಜಲಾಶಯಗಳು ಬಹುತೇಕ ಬತ್ತಿದ್ದವು. ಆಗ ಇಡೀ ಊರು ಮೆಟ್ರೋ ವಾಟರ್ ಲಾರಿಗೆ ಕಾದಿತ್ತು. ಇಂಥ ಊರಿನಲ್ಲಿ ಟ್ಯಾಂಕ್ ತುಂಬಿ ಹರಿಯುವುದು ಬರೀ ಬಿಲ್ಲಿನ ನಷ್ಟವಲ್ಲ. ಖಾಲಿ ಸಂಪಿನಲ್ಲಿ ಓಡಿದ ಪಂಪು ಬಿಸಿಯಾಗಿ ಸೀಲು ಕೆಡಿಸಿಕೊಳ್ಳುತ್ತದೆ, ಅದೂ ನಷ್ಟವೇ. ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಫಲ ಸಿಗುವ ಜಾಗ ಇದು.

ಮಾಡುವ ಕ್ರಮ ಹೀಗೆ:

1. ಮೋಟಾರನ್ನು ಪುಟ್ಟ ವೈಫೈ ರಿಲೇಗೆ ನೇರವಾಗಿ ಕಟ್ಟಬೇಡಿ. 1 ಎಚ್‌ಪಿ ಮೋಟಾರ್ ಓಡುವಾಗ ಕೆಲವೇ ಆಂಪಿಯರ್ ಎಳೆದರೂ ಶುರುವಾಗುವ ಕ್ಷಣ ಅದರ ಐದಾರು ಪಟ್ಟು ಎಳೆಯುತ್ತದೆ. ರಿಲೇ ಒಳಗಿನ ಕಾಂಟಾಕ್ಟ್ ಅಂಟಿಕೊಂಡರೆ ಮೋಟಾರ್ ನಿಲ್ಲುವುದೇ ಇಲ್ಲ. ನಡುವೆ ಹೆಚ್ಚು ಕರೆಂಟು ತಾಳುವ ಕಾಂಟಾಕ್ಟರ್ ಎಂಬ ಸ್ವಿಚ್ಚು ಹಾಕಿಸಿ, ಸ್ಮಾರ್ಟ್ ರಿಲೇ ಅದನ್ನಷ್ಟೇ ಒತ್ತಲಿ.

2. ಮೂರು ಫೇಸಿನ ಮೋಟಾರಾದರೆ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಕಡ್ಡಾಯ. ಒಂದು ಫೇಸ್ ಹೋದಾಗ ಉಳಿದೆರಡರಲ್ಲಿ ಓಡಲು ಹೆಣಗಿದರೆ ವೈಂಡಿಂಗ್ ಸುಟ್ಟುಹೋಗುತ್ತದೆ.

3. ಸಂಪಿಗೂ ಟ್ಯಾಂಕಿಗೂ ನೀರಿನ ಮಟ್ಟದ ಸೆನ್ಸರ್ ಹಾಕಿ. ಬೋರ್‌ವೆಲ್ಲಿನ ಉಪ್ಪು ನೀರಿಗೆ ಲೋಹದ ಕಡ್ಡಿಗಳು ಬೇಗ ಹಾಳಾಗುತ್ತವೆ; ಪ್ಲಾಸ್ಟಿಕ್ ಫ್ಲೋಟ್ ಬಾಳಿಕೆ ಬರುತ್ತದೆ. ಶಬ್ದದಲೆಯಿಂದ ಅಳೆಯುವ ಸೆನ್ಸರಾದರೆ ನೀರು ತಾಗದಂಥದ್ದು ಕೊಳ್ಳಿ, ತುಂಬಿದ ನೀರಿಗೂ ಅದಕ್ಕೂ ಒಂದು ಗೇಣಿಗಿಂತ ಹೆಚ್ಚು ಅಂತರ ಬಿಡಿ. ತೀರ ಹತ್ತಿರದ ನೀರನ್ನು ಅದು ಅಳೆಯಲಾರದು. ನೀರಿಗೆ ಇಳಿಯುವ ತಂತಿಯಲ್ಲಿ 12 ವೋಲ್ಟ್ ಡಿಸಿ ಮಾತ್ರ ಇರಲಿ, 230 ವೋಲ್ಟ್ ಎಂದಿಗೂ ಬೇಡ.

4. ನಿಯಮ ಬರೆಯಿರಿ: ಸಂಪಿನಲ್ಲಿ ಕನಿಷ್ಠ ಮಟ್ಟಕ್ಕಿಂತ ಹೆಚ್ಚು ನೀರಿದ್ದು ಟ್ಯಾಂಕ್ ಕಾಲು ಭಾಗಕ್ಕಿಳಿದರೆ ಮೋಟಾರ್ ಹಾಕು. ಟ್ಯಾಂಕ್ ತುಂಬಿದರೆ, ಸಂಪು ಇಳಿದರೆ ಅಥವಾ ಹೊತ್ತು ಮೀರಿದರೆ, ಯಾವುದು ಮೊದಲೋ ಆಗ ನಿಲ್ಲಿಸು. ಟ್ಯಾಂಕ್ ತುಂಬಲು ಎಷ್ಟು ನಿಮಿಷ ಬೇಕೆಂದು ಒಮ್ಮೆ ಗಡಿಯಾರ ಹಿಡಿದು ನೋಡಿ, ಐದು ನಿಮಿಷ ಸೇರಿಸಿ ಮಿತಿ ಇಡಿ.

5. ಆ ಸಮಯದ ಮಿತಿ ಹಬ್ಬಿನಲ್ಲಿ ಮಾತ್ರವಲ್ಲ, ರಿಲೇ ಒಳಗೂ ಇರಲಿ. ಹಬ್ ಸ್ತಬ್ಧವಾದರೂ ಮೋಟಾರ್ ತಾನಾಗಿ ನಿಲ್ಲುತ್ತದೆ.

6. ಹಳೆಯ ಸ್ಟಾರ್ಟರ್ ಗುಂಡಿಯನ್ನು ತೆಗೆಯಬೇಡಿ. ಕೈಯಿಂದ ಹಾಕುವ ದಾರಿ ಸದಾ ತೆರೆದಿರಲಿ.

ತಾರಸಿಯ ಸೆನ್ಸರ್ ಪೆಟ್ಟಿಗೆ ಐಪಿ65 ಗುರುತಿನದ್ದಾಗಿರಲಿ. ತಂತಿ ಕೆಳಗಿನಿಂದ ಒಳಹೋಗುವಂತೆ, ಪೆಟ್ಟಿಗೆಯ ಮುಂಚೆ ತುಸು ಜೋತಾಡುವಂತೆ ಬಿಟ್ಟರೆ ಮಳೆನೀರು ತಂತಿಗುಂಟ ಒಳಗಿಳಿಯದು.

ಹಂತ 5: ದೀಪ, ಫ್ಯಾನು, ಗೀಸರ್, ಎಸಿ

ಈಗಿರುವ ಸ್ವಿಚ್ಚನ್ನೇ ಉಳಿಸಿಕೊಂಡು ಹಿಂದೆ ರಿಲೇ ಕೂರಿಸಿ. ಫೋನಿನಿಂದ ಹಾಕಿದ ದೀಪವನ್ನು ಅಜ್ಜಿ ಸ್ವಿಚ್ಚಿನಿಂದ ಆರಿಸುವಂತಿರಬೇಕು.

ಫ್ಯಾನಿಗೆ ದೀಪದ ಡಿಮ್ಮರ್ ಹಾಕಿದರೆ ಗುಂಯ್‌ಗುಡುತ್ತದೆ. ಕೆಪಾಸಿಟರಿನಿಂದ ವೇಗ ಬದಲಿಸುವ ಮಾಡ್ಯೂಲ್ ಕೇಳಿ ಪಡೆಯಿರಿ. ಫ್ಯಾನ್ ಬದಲಿಸುವುದಾದರೆ ಬಿಎಲ್‌ಡಿಸಿ ಮಾದರಿ ಒಳ್ಳೆಯದು: ಹಳೆಯದು ಸುಮಾರು 75 ವಾಟ್ ಎಳೆಯುವಲ್ಲಿ ಇದು 30ರ ಆಸುಪಾಸು. ಇನ್ವರ್ಟರ್ ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಬಿಎಲ್‌ಡಿಸಿ ಫ್ಯಾನಿಗೆ ಹಳೆಯ ರೆಗ್ಯುಲೇಟರ್ ಜೋಡಿಸಬಾರದು.

2000 ವಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ರಿಲೇ ಬೇಕು, ಜೊತೆಗೆ 20 ನಿಮಿಷಕ್ಕೆ ತಾನಾಗಿ ಆರುವ ನಿಯಮ.

ಎಸಿಗೆ ರಿಮೋಟಿನ ಕೆಲಸ ಮಾಡುವ ಐಆರ್ ಬ್ಲಾಸ್ಟರ್ ಸಾಕು. ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಕೊಡುವ ಲೆಕ್ಕ; ಸ್ಟಾರ್ ಗುರುತಿನ ಎಸಿಗಳು 2020ರಿಂದ 24 ಡಿಗ್ರಿಗೇ ಹೊಂದಿಸಿ ಬರುತ್ತಿವೆ. ಮೇ ತಿಂಗಳ ಅಗ್ನಿ ನಕ್ಷತ್ರದ ಸೆಕೆಯಲ್ಲೂ ನಡುರಾತ್ರಿಯ ನಂತರ 26ಕ್ಕೆ ಏರಿಸಿ ಫ್ಯಾನ್ ಹಾಕುವ ನಿಯಮ ಹಾಯಾಗಿ ನಡೆಯುತ್ತದೆ.

ಇಬಿ ಬಿಲ್ಲು ಇಲ್ಲಿ ಎರಡು ತಿಂಗಳಿಗೊಮ್ಮೆ ಬರುತ್ತದೆ, ಬಳಕೆ ಏರಿದಂತೆ ದರದ ಹಂತವೂ ಏರುತ್ತದೆ. ಮೇನ್ ಬೋರ್ಡಿನಲ್ಲಿ ಒಂದು ಎನರ್ಜಿ ಮೀಟರ್ ಕೂರಿಸಿ ಬಳಕೆ ಮುಂದಿನ ಹಂತಕ್ಕೆ ಹತ್ತಿರವಾದಾಗ ಫೋನಿಗೆ ಸೂಚನೆ ಬರುವಂತೆ ಮಾಡಿಕೊಂಡರೆ, ಬಿಲ್ಲು ಬಂದ ಮೇಲೆ ಗಾಬರಿಯಾಗುವುದು ತಪ್ಪುತ್ತದೆ.

ಹಂತ 6: ಹಿರಿಯರು ಮತ್ತು ಸುರಕ್ಷತೆ

ಮಂಚದ ಬಳಿಯಿಂದ ಬಚ್ಚಲವರೆಗೆ ಮೊಣಕಾಲೆತ್ತರದಲ್ಲಿ ಚಲನೆ ಅರಿಯುವ ಮಂದ ದೀಪ ಹಾಕಿಸಿ. ಬೆಳಿಗ್ಗೆ ಎಂಟಾದರೂ ಅಡುಗೆಮನೆಯಲ್ಲಿ ಓಡಾಟ ಕಾಣದಿದ್ದರೆ ಮಗಳಿಗೋ ಪಕ್ಕದ ಮನೆಗೋ ಸಂದೇಶ ಹೋಗಲಿ. ಇದಕ್ಕೆ ಕ್ಯಾಮೆರಾ ಬೇಡ, ಚಲನೆಯ ಸೆನ್ಸರ್ ಸಾಕು. ಅಪ್ಪ ಅಮ್ಮನ ಒಪ್ಪಿಗೆ ಕೇಳಿಯೇ ಹಾಕಿ. ಅವರ ಮನೆಯಲ್ಲಿ ಅವರನ್ನು ಕಾವಲು ಕಾಯುವಂತಾಗಬಾರದು.

ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಸೆನ್ಸರನ್ನು ನೆಲದಿಂದ ಒಂದಡಿಯೊಳಗೆ ಹಾಕಿ. ಸೋರಿಕೆ ಕಂಡಾಗ ಎಕ್ಸಾಸ್ಟ್ ಫ್ಯಾನ್ ತಾನಾಗಿ ಶುರುವಾಗುವ ನಿಯಮವನ್ನು ಮಾತ್ರ ಬರೆಯಲೇಬೇಡಿ. ಸ್ವಿಚ್ಚಿನ ಒಂದು ಕಿಡಿ ಸಾಕು ಬೆಂಕಿ ಹತ್ತಲು. ಗಂಟೆ ಮಾತ್ರ ಬಾರಿಸಲಿ. ಸಿಲಿಂಡರ್ ಮುಚ್ಚಿ, ಕಿಟಕಿ ತೆರೆದು, ಹೊರಬಂದು ಎಲ್‌ಪಿಜಿ ಸಹಾಯವಾಣಿ 1906ಕ್ಕೆ ಕರೆ ಮಾಡುವುದು ಮನುಷ್ಯರ ಕೆಲಸ.

ಗೇಟಿನ ಕ್ಯಾಮೆರಾದ ದೃಶ್ಯ ಮನೆಯ ರೆಕಾರ್ಡರಿನಲ್ಲೇ ಉಳಿಯಲಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಮಾಡಿಕೊಂಡಿತ್ತು. ಪೆಟ್ಟಿಗೆ ತೆರೆದ ದಿನವೇ ಪಾಸ್‌ವರ್ಡ್ ಬದಲಿಸಿ, ಕ್ಯಾಮೆರಾಗಳನ್ನು ಅತಿಥಿ ವೈಫೈಯಲ್ಲಿ ಪ್ರತ್ಯೇಕವಾಗಿಡಿ. ಡಿಜಿಟಲ್ ಬೀಗ ಹಾಕಿದರೂ ಬೀಗದಕೈ ಇರುವ ಮಾದರಿಯೇ ಇರಲಿ.

ಹಂತ 7: ಪರೀಕ್ಷೆ, ಪಾಲನೆ, ಕಾಗದ

ಪ್ರತಿ ಉಪಕರಣದಲ್ಲೂ ಕರೆಂಟು ಮರಳಿದಾಗ ಏನಾಗಬೇಕು ಎಂಬ ಸೆಟ್ಟಿಂಗ್ ಇದೆಯೇ ನೋಡಿ. ಮೋಟಾರ್, ಗೀಸರ್, ಇಸ್ತ್ರಿಪೆಟ್ಟಿಗೆಯ ಪ್ಲಗ್ ಆರಿಯೇ ಇರಬೇಕು. ದೀಪಗಳು ಮೊದಲಿದ್ದಂತೆ ಇರಬಹುದು. ಆಮೇಲೆ ಒಂದು ಭಾನುವಾರ ಮೇನ್ ಸ್ವಿಚ್ ಆರಿಸಿ ಹಾಕಿ, ಫೈಬರ್ ತಂತಿ ಕಿತ್ತು ನೋಡಿ. ಏನು ನಿಂತಿತು, ಏನು ತಾನಾಗಿ ಹತ್ತಿತು ಎಂದು ಬರೆದು, ತಪ್ಪಿದ್ದನ್ನು ತಿದ್ದಿ.

ಈಶಾನ್ಯ ಮಳೆ ಅಕ್ಟೋಬರ್‌ನಲ್ಲಿ ಶುರು. ಅದಕ್ಕೆ ಮೊದಲು ತಾರಸಿಯ ಪೆಟ್ಟಿಗೆ, ಸೆನ್ಸರ್ ಬ್ಯಾಟರಿ, ಇನ್ವರ್ಟರ್ ಬ್ಯಾಟರಿಯ ನೀರು, ಆರ್‌ಸಿಸಿಬಿ ಗುಂಡಿ ನೋಡಿಬಿಡಿ. ಕೆಳಮನೆಗೆ ಪ್ರತ್ಯೇಕ ಎಂಸಿಬಿ ಇದ್ದರೆ ನೀರು ನುಗ್ಗುವ ಮೊದಲೇ ಅದೊಂದನ್ನು ಆರಿಸಬಹುದು. ಕರೆಂಟಿನ ದೂರು ಕೇಂದ್ರವಾದ ಮಿನ್ನಗಂ ಸಂಖ್ಯೆ 94987 94987 ಗೋಡೆಯ ಮೇಲಿರಲಿ.

ಕೊನೆಗೆ, ಯಾವ ಬೋರ್ಡಿನಲ್ಲಿ ಯಾವ ಮಾಡ್ಯೂಲಿದೆ, ಅದನ್ನು ಬಿಟ್ಟು ನೇರ ಜೋಡಿಸುವುದು ಹೇಗೆ ಎಂಬ ನಕ್ಷೆ ಬರೆದು ಮೇನ್ ಬೋರ್ಡಿನ ಬಾಗಿಲಿನ ಒಳಬದಿಗೆ ಅಂಟಿಸಿ. ಕನ್ನಡದಲ್ಲಿ ಮನೆಯವರಿಗೆ, ತಮಿಳಿನಲ್ಲಿ ಎಲೆಕ್ಟ್ರಿಷಿಯನ್‌ಗೆ. ಆ್ಯಪಿನಲ್ಲೂ ಉಪಕರಣಗಳಿಗೆ ನಿಮ್ಮ ಮನೆಯಲ್ಲಿ ಆಡುವ ಹೆಸರೇ ಇಡಿ: ನಡುಮನೆ ಲೈಟು, ದೇವರಮನೆ ದೀಪ, ಮೇಲಿನ ಟ್ಯಾಂಕು. ಹಬ್ಬಿನ ಪಾಸ್‌ವರ್ಡ್ ಮನೆಯ ಇನ್ನೊಬ್ಬರಿಗಾದರೂ ಗೊತ್ತಿರಲಿ.

ಎಲ್ಲವನ್ನೂ ಒಂದೇ ತಿಂಗಳಲ್ಲಿ ಮಾಡಬೇಕಿಲ್ಲ. ಈ ವಾರ ವೈರಿಂಗ್ ಪರೀಕ್ಷೆ, ಮುಂದಿನ ತಿಂಗಳು ಮೋಟಾರ್, ಅದು ತಕರಾರಿಲ್ಲದೆ ನಡೆದ ಮೇಲೆ ಉಳಿದದ್ದು. ನೀವು ಊರಲ್ಲಿಲ್ಲದ ದಿನ ಕರೆಂಟು ಹೋಗಿ ಬಂದರೂ ಅಪ್ಪ ಅಮ್ಮ ನಿಮಗೆ ಫೋನ್ ಮಾಡದೆ ನೀರು ತುಂಬಿಸಿಕೊಂಡು ದೀಪ ಹಾಕಿಕೊಂಡರೆ, ಹಾಕಿದ ದುಡ್ಡು ಸಾರ್ಥಕ.