ಕೈಮಗ್ಗದ ಸೀರೆ ಉಡುವ ಮುನ್ನ

ಮಹಾಲಿಂಗಪುರ, ರಬಕವಿ-ಬನಹಟ್ಟಿ ಕಡೆಯ ಕೈಮಗ್ಗದ ಹತ್ತಿ ಸೀರೆ ಕೊಂಡಿರಾ, ಅಕ್ಕಂದಿರೇ? ನೇಕಾರರು ಜೀವ ತೇಯ್ದು ನೇಯ್ದಿದ್ದಾರೆ. ಉಳಿದ ಕೆಲಸ ನಮ್ಮದು.

ಮೊದಲು ಸೆರಗಿನ ತುದಿಯಲ್ಲಿ ಇಳಿಬಿದ್ದ ಹಾಸಿನ ಎಳೆಗಳನ್ನು ಸಮನಾಗಿ ಸೇರಿಸಿ, ಹುರಿ ಮಾಡಿ, ನೇಯ್ಗೆಗೆ ಒತ್ತಿ ಗಂಟು ಹಾಕಿ ಕುಚ್ಚು ಕಟ್ಟಿ. ಇಲ್ಲದಿದ್ದರೆ ಒಗೆದಾಗ ಹೊಕ್ಕಿನ ನೂಲು ಜಾರುತ್ತದೆ. ಆಮೇಲೆ ತಣ್ಣೀರಲ್ಲಿ ಬೇರೆಯಾಗಿಯೇ ಅದ್ದಿ ತೆಗೆಯಿರಿ, ಹಿಂಡಬೇಡಿ. ಇಬ್ಬರು ಎದುರುಬದುರು ನಿಂತು, ಅಂಚುಗಳನ್ನು ಹಿಡಿದು ಹದವಾಗಿ ಎಳೆದರೆ ಸೊಟ್ಟಗಾದ ನೇಯ್ಗೆ ನೆಟ್ಟಗಾಗುತ್ತದೆ. ನೆರಳಲ್ಲಿ ಒಣಹಾಕಿ, ತುಸು ಹಸಿ ಇದ್ದಾಗಲೇ ಒಳಮೈಗೆ ಇಸ್ತ್ರಿ ಮಾಡಿ.

ಫಾಲ್ ಹಚ್ಚುವ ಆತುರ ಬೇಡ. ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಫಾಲ್ ಬಟ್ಟೆಯನ್ನೂ ನೆನೆಸಿ, ಒಣಗಿಸಿ, ಆಮೇಲೆ ಹೊಲಿಯಿರಿ. ಅಂಚು ಸುಕ್ಕುಗಟ್ಟದೆ ನಿರಿಗೆ ನೇರವಾಗಿ ನಿಲ್ಲುತ್ತದೆ.