‘ಮುಡದೂಸ’: ಒಂದು ರೋಗನಾಮದ ಅರ್ಥ ಮತ್ತು ಮೂಲ

ಕಲಬುರಗಿ ಜಿಲ್ಲೆಯ ಆಳಂದ ಮತ್ತು ಅಫಜಲಪುರ ತಾಲೂಕುಗಳು ಮಹಾರಾಷ್ಟ್ರಕ್ಕೆ ತಾಗಿವೆ. ಜೇವರ್ಗಿ ತುಸು ಒಳಗಿದೆ. ಮೂರೂ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಹೀಗಾಗಿ ಮನೆಮಾತು ಕನ್ನಡ, ನೆರೆಯ ಮಾತು ಮರಾಠಿ, ಕಚೇರಿಯ ಮಾತು ಉರ್ದು ಎಂಬ ಸ್ಥಿತಿ ಇಲ್ಲಿ ಬಹುಕಾಲ ಉಳಿಯಿತು. ಮಕ್ಕಳ ಎಲುಬು ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ರೋಗದ ಹೆಸರುಗಳನ್ನು ಪರಿಶೀಲಿಸುವಾಗ ಈ ಮೂರು ಭಾಷೆಗಳನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಮರಾಠಿಯಲ್ಲಿ ಈ ರೋಗಕ್ಕೆ ‘ಮುಡದೂಸ’ ಎಂದು ಹೆಸರು. ಶಾಲಾ ಪಾಠಗಳಲ್ಲಿಯೂ ಇದೇ ಪದವಿದೆ. ಕನ್ನಡದ ಕಿವಿಗೆ ಇದು ‘ಮುದುಡು’ ಎಂಬ ಧಾತುವನ್ನು ನೆನಪಿಸುತ್ತದೆ. ಆದರೆ ಧ್ವನಿಸಾಮ್ಯವೊಂದೇ ನಿಷ್ಪತ್ತಿಗೆ ಆಧಾರವಾಗದು. ಮರಾಠಿಯಲ್ಲಿ ಹೆಣಕ್ಕೆ ‘ಮುಡದಾ’ ಎನ್ನುತ್ತಾರೆ. ಅದು ಪಾರ್ಸಿಯ ‘ಮುರ್ದಾ’ ಶಬ್ದದ ರೂಪಾಂತರ. ರೋಗನಾಮದ ಮೊದಲ ಭಾಗವನ್ನು ಇದರೊಡನೆ ಹೊಂದಿಸುವುದೇ ಹೆಚ್ಚು ಸಮಂಜಸ. ಈ ಊಹೆ ಸರಿಯಾದರೆ, ಹೆಸರು ಹುಟ್ಟಿದ್ದು ಎಲುಬಿನ ಲಕ್ಷಣದಿಂದಲ್ಲ, ಕಳೆಗುಂದಿ ಹೆಣದಂತಾದ ಮಗುವಿನ ಮುಖವನ್ನು ಕಂಡ ಭಯದಿಂದ.

ಹಿಂದಿ-ಉರ್ದು ಬಳಕೆಯ ‘ಸೂಖಾ’ ಒಣಗುವಿಕೆಯನ್ನು ಹೇಳುತ್ತದೆ. ಉರ್ದು ವೈದ್ಯಪರಿಭಾಷೆಯ ‘ಕುಸಾಹ್’ ಮಾತ್ರ ಬೇರೆ. ಅದು ಕುಂಟುತನವನ್ನು ಸೂಚಿಸುವ ಅರಬ್ಬೀ ಮೂಲದ್ದು. ಇದಕ್ಕೆ ಆಶ್ಚರ್ಯಕರವಾದ ಸಮಾನಾಂತರವೊಂದು ಸಂಸ್ಕೃತದಲ್ಲಿ ದೊರೆಯುತ್ತದೆ. 1938ರಲ್ಲಿ ಅಚ್ಚಾದ ಕಾಶ್ಯಪಸಂಹಿತೆಯು ವರ್ಷ ತುಂಬಿದರೂ ಕಾಲೂರಿ ನಡೆಯದ ಮಗುವನ್ನು ‘ಫಕ್ಕ’ ಎನ್ನುತ್ತದೆ. ಧಾತುಪಾಠದಲ್ಲಿ ‘ಫಕ್ಕ್’ ಧಾತುವಿಗೆ ಕೆಳಮಟ್ಟದ, ಮಂದವಾದ ಚಲನೆ ಎಂಬ ಅರ್ಥವಿದೆ. ಅಲ್ಲಿ ಹೆಸರಿಟ್ಟದ್ದು ನಡಿಗೆಗೆ. ಕೆಟ್ಟ ಹಾಲಿನಿಂದ, ಮೊಲೆಯೂಡುವ ತಾಯಿ ಮತ್ತೆ ಬಸುರಾಗುವುದರಿಂದ, ಬೇರೆ ವ್ಯಾಧಿಯಿಂದ ಎಂದು ಮೂರು ಕಾರಣಗಳನ್ನು ಹೇಳಿರುವ ಆ ಗ್ರಂಥ, ಮಗುವಿಗೆ ನಡಿಗೆ ಕಲಿಸಲು ಮೂರು ಗಾಲಿಯ ಬಂಡಿಯನ್ನೂ ವಿಧಿಸುತ್ತದೆ. ನಮ್ಮ ಹಳ್ಳಿಗಳ ಮರದ ನಡೆಗಾಡಿಯನ್ನು ಕಂಡವರಿಗೆ ಇದು ಹೊಸದೆನಿಸದು. ಫಕ್ಕವನ್ನು ಇಂದಿನ ರಿಕೆಟ್ಸ್‌ಗೆ ಸಮೀಕರಿಸುವ ರೂಢಿಯಿದ್ದರೂ ಅದು ಪೂರ್ತಿ ಒಪ್ಪತಕ್ಕದ್ದಲ್ಲ: ವ್ಯಾಧಿಜ ಫಕ್ಕದ ವರ್ಣನೆಯಲ್ಲಿ ತೋಳು-ತೊಡೆ ಸೊರಗಿ ತಲೆ, ಹೊಟ್ಟೆ ದೊಡ್ಡದಾಗುವ ಲಕ್ಷಣಗಳಿದ್ದು, ಅವು ತೀವ್ರ ಅಪೌಷ್ಟಿಕತೆಗೂ ಸಲ್ಲುತ್ತವೆ.

ಇಂಗ್ಲಿಷಿನ ‘ರಿಕೆಟ್ಸ್’ ಪದದ ಮೂಲವೂ ವಿವಾದಿತವೇ. 1650ರಲ್ಲಿ ಗ್ರಂಥ ಬರೆದ ಫ್ರಾನ್ಸಿಸ್ ಗ್ಲಿಸನ್, ಅದಕ್ಕೆ ಉಚ್ಚಾರದಲ್ಲಿ ಸಮೀಪವಾದ, ಬೆನ್ನೆಲುಬನ್ನು ಸೂಚಿಸುವ ಗ್ರೀಕ್ ಶಬ್ದದಿಂದ ‘ರಾಕೈಟಿಸ್’ ಎಂಬ ರೂಪವನ್ನು ಕಟ್ಟಿದ.

ಈ ಅರ್ಥಭೇದಗಳು ಕೇವಲ ಕೋಶಕಾರರ ಕುತೂಹಲವಲ್ಲ. ರಿಕೆಟ್ಸ್‌ಗೆ ಕಾರಣ ಡಿ ಜೀವಸತ್ವ ಅಥವಾ ಕ್ಯಾಲ್ಸಿಯಂ ಕೊರತೆ. ಬಿಸಿಲು ಧಾರಾಳವಾಗಿರುವ ಜೋಳದ ನಾಡಿನಲ್ಲಿ ಎರಡನೆಯದನ್ನು ಮರೆಯುವಂತಿಲ್ಲ. ಹಾಲು ಕಡಿಮೆಯಾಗಿ ಧಾನ್ಯವೇ ಮುಖ್ಯವಾದ ಊಟದಲ್ಲಿ ಧಾನ್ಯದ ಫೈಟೇಟ್ ಅಂಶ ಕ್ಯಾಲ್ಸಿಯಂ ಹೀರಿಕೆಯನ್ನು ತಗ್ಗಿಸುತ್ತದೆ. ಈ ರೋಗದ ಮಗು ಮೈದುಂಬಿಕೊಂಡೂ ಇರಬಹುದು. “ಕೂಸು ಒಣಗ್ಯಾದೇನು?” ಎಂದು ಕೇಳಿದರೆ ಅಂಥ ಮಗುವಿನ ತಾಯಿ ಇಲ್ಲವೆನ್ನುತ್ತಾಳೆ. ‘ಬಾಲಗ್ರಹ’ ಎಂದರೆ ಚಿಕಿತ್ಸೆ ತಾಯತದ ಕಡೆ ತಿರುಗುತ್ತದೆ. ‘ಅಸ್ಥಿಮೃದುತೆ’ ಎಂಬ ಸಂಸ್ಕೃತ ರಚನೆ ವಯಸ್ಕರ ರೋಗಕ್ಕೆ ಹೆಚ್ಚು ಹೊಂದುತ್ತದೆ, ಮೇಲಾಗಿ ತಾಯಂದಿರಿಗೆ ತಿಳಿಯದು. ಆರೋಗ್ಯ ಕಾರ್ಯಕರ್ತೆಯರ ಕೈಪಿಡಿಗೆ ಪದ ಆರಿಸುವವರು ‘ರಿಕೆಟ್ಸ್’ ಎಂಬುದನ್ನೇ ಉಳಿಸಿಕೊಂಡು, ಪಕ್ಕದಲ್ಲಿ “ಕಾಲು ಸೊಟ್ಟ ಆಗ್ಯಾವೇನು, ನಡಿಯೋದು ತಡಾ ಆಗ್ಯಾದೇನು?” ಎಂಬ ಪ್ರಶ್ನೆಯನ್ನು ಇಡಬಹುದು. ಫಕ್ಕ ಮತ್ತು ಕುಸಾಹ್ ಪದಗಳನ್ನು ಕಟ್ಟಿದವರು ನೋಡಿದ್ದೂ ಮಗುವಿನ ಕಾಲನ್ನೇ.